ಕಟ್ಟು ಚೆಲ್ಲದ ಮನೆ

ಪೊಟ್ಯಾಸಿಯಂ ಎಂಬ ಪದವನ್ನು ನಾನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದೇನೆ, ಅಳಿಸಿದ್ದೇನೆ. ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಶರ್ಕರಪಿಷ್ಟ, ಸಸಾರಜನಕ, ಮೇದಸ್ಸು, ಜೀವಸತ್ವ, ಖನಿಜ, ನಾರು. ಇವು ಪೋಷಕಾಂಶಗಳು, ಇವನ್ನೆಲ್ಲ ಹದವಾಗಿ ಉಂಡರೆ ಅದು ಸಮತೋಲನ ಆಹಾರ. ಮಕ್ಕಳು ಉರು ಹೊಡೆದು ಗಿಣಿಯಂತೆ ಒಪ್ಪಿಸುತ್ತಾರೆ. ಗಂಟೆ ಬಾರಿಸಿದ್ದೇ ತಡ, ಗೇಟಿನ ಹೊರಗಿನ ಬಂಡಿಗೆ ಮುತ್ತಿಕೊಂಡು ಮಂಡಕ್ಕಿ, ಮಿರ್ಚಿ ಭಜಿ ತಿನ್ನುತ್ತಾರೆ. "ಏನ್ಬೇ, ಈಗಷ್ಟೇ ಏನು ಓದಿದಿ?" ಎಂದು ಒಬ್ಬ ಹುಡುಗಿಯನ್ನು ಗದರಿದರೆ, "ಅದು ಪರೀಕ್ಷಾಕ್ಕ ಟೀಚರ್, ಇದು ಹೊಟ್ಟಿಗಿ" ಎಂದಳು. ಸಿಟ್ಟು ಬಂತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಪಾಠದಲ್ಲಿ ಆ ಪದಗಳೆಲ್ಲ ಒಳ್ಳೆಯವೇ. ಕಬ್ಬಿಣ ಕಡಿಮೆಯಾದರೆ ರಕ್ತಹೀನತೆ, ಅಯೋಡಿನ್ ಕಡಿಮೆಯಾದರೆ ಗಳಗಂಡ, ಸಸಾರಜನಕ ಕಡಿಮೆಯಾದರೆ ಮಗುವಿನ ಕೈಕಾಲು ಕಡ್ಡಿ. ಎಲ್ಲ ರೋಗಗಳೂ ಕಡಿಮೆಯಾಗುವುದರಿಂದಲೇ ಬರುತ್ತವೆ. ಹೆಚ್ಚಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಂಕವೇ ಇಲ್ಲ. ನಮ್ಮ ಕಡೆ ಯಾರಿಗೆ ಏನು ಹೆಚ್ಚಾಗಿತ್ತು ಹೇಳಿ?

ಅಣ್ಣನಿಗೆ ಹೆಚ್ಚಾಯಿತು. ಅವನು ಪಾಮನಕಲ್ಲೂರಿನಲ್ಲಿ ಇದ್ದಾನೆ. ಹೊಲದಲ್ಲಿ ಜೋಳ, ತೊಗರಿ. ಮನೆಯ ಪಕ್ಕದಲ್ಲೇ ಒಂದು ಹಿಟ್ಟಿನ ಗಿರಣಿ. ಊರಿನ ಅರ್ಧ ರೊಟ್ಟಿ ಅವನ ಗಿರಣಿಯ ಹಿಟ್ಟಿನಿಂದಲೇ ಆಗುತ್ತದೆ ಎಂದು ಅವನಿಗೊಂದು ಠೇಂಕಾರ. ಸಕ್ಕರೆ ಕಾಯಿಲೆ ಇತ್ತು, ಬಿ.ಪಿ. ಇತ್ತು. ಗುಳಿಗೆ ನೆನಪಾದರೆ ತೆಗೆದುಕೊಳ್ಳುತ್ತಿದ್ದ, ಇಲ್ಲದಿದ್ದರೆ ಇಲ್ಲ. ಕಾಲು ಬಾತು ಚಪ್ಪಲಿ ಹಿಡಿಯದಂತಾದಾಗ ಅತ್ತಿಗೆ ನನಗೆ ಫೋನು ಮಾಡಿದಳು. ಸಿಂಧನೂರಿನ ದವಾಖಾನೆಗೆ ಕರೆದುಕೊಂಡು ಹೋದೆವು.

ಇಲ್ಲಿ ಅತ್ತಿಗೆಯ ವಿಷಯ ಹೇಳಬೇಕು. ಅವಳು ಸಂತೆಕಲ್ಲೂರಿನವಳು. ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವವಳು. ಮಾತು ಕಡಿಮೆ, ಕೈ ಜೋರು. ಅವಳ ಅಡುಗೆಯ ಮುಂದೆ ನನ್ನದು ಅಡುಗೆಯೇ ಅಲ್ಲ, ಅದನ್ನು ನನ್ನ ಗಂಡನೇ ಆಗಾಗ ನೆನಪಿಸುತ್ತಾನೆ, ಪುಣ್ಯಾತ್ಮ. ಅತ್ತಿಗೆ ಏನನ್ನೂ ಕೆಡಿಸುವವಳಲ್ಲ. ಅದರಲ್ಲೂ ಕಟ್ಟನ್ನು.

ಬೇಳೆಯನ್ನೋ ಕಾಳನ್ನೋ ಕುದಿಸಿ ಬಸಿದ ನೀರಿಗೆ ಕಟ್ಟು ಎನ್ನುತ್ತೇವೆ. ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಎಲ್ಲರ ಮನೆಯಲ್ಲೂ ಇರುತ್ತದೆ, ಅದೇನು ದೊಡ್ಡ ಮಾತಲ್ಲ. ಆದರೆ ನಮ್ಮ ಮನೆಯಲ್ಲಿ ಹಬ್ಬವೇ ಬೇಕಾಗಿರಲಿಲ್ಲ. ಹೆಸರುಕಾಳು ಬೆಂದರೂ ಕಟ್ಟು, ಮೆಂತೆಸೊಪ್ಪು ಕುದಿಸಿದರೂ ಕಟ್ಟು. ಮತ್ತು ಅದು ಯಾರಿಗೆ ಎಂಬುದಕ್ಕೆ ಒಂದು ಕಟ್ಟಳೆ ಇತ್ತು. ಬಾಣಂತಿಗೆ, ಜ್ವರ ಬಿಟ್ಟು ಎದ್ದವರಿಗೆ, ಹಲ್ಲು ಉದುರಿದ ಮುದುಕರಿಗೆ. "ಕಾಳು ಗಟ್ಟಿ ಇದ್ದವರಿಗಿ, ಕಟ್ಟು ಬಳಲಿದವರಿಗಿ" ಎಂದು ನಮ್ಮವ್ವ ಹೇಳುತ್ತಿದ್ದಳು. ಮನೆಯಲ್ಲಿ ಯಾರು ಸೊರಗಿದ್ದಾರೋ ಅವರ ತಾಟಿಗೆ ಮೊದಲು. ನನಗೆ ವಿಷಮಶೀತ ಜ್ವರ ಬಂದು ಬಿಟ್ಟಾಗ ಅತ್ತಿಗೆಯೇ ಬಟ್ಟಲು ಹಿಡಿದು ಕುಡಿಸಿದ್ದಳು. ಅದನ್ನು ಮೋರಿಗೆ ಚೆಲ್ಲುವುದೆಂದರೆ ಹಾಲು ಚೆಲ್ಲಿದ ಹಾಗೆಯೇ.

ಸಿಂಧನೂರಿನ ಡಾಕ್ಟರು ಅಣ್ಣನಿಗೆ ನೇರವಾಗಿಯೇ ಹೇಳಿದರು. "ಕಿಡ್ನಿ ಇನ್ನಾ ಕೆಲಸ ಮಾಡಾಕತ್ಯಾವ್ರಿ, ಆದರ ಭಾಳ ಸುಸ್ತಾಗ್ಯಾವ. ಡಯಾಲಿಸಿಸ್ ದೂರ ಇಡಬೇಕಂದ್ರ ಊಟದ ಪಥ್ಯ ಹಿಡೀಬೇಕು." ಆಮೇಲೆ ನಮ್ಮನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಊಟದ ಪಥ್ಯ ಹೇಳುವ ಒಬ್ಬ ಹುಡುಗಿ ಇದ್ದಳು, ಡಯಟಿಷಿಯನ್. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಕಡಿಮೆ, ಪ್ರೋಟೀನ್ ಅಳತೆಯಲ್ಲಿ. ಉಪ್ಪು ಬೇಡ, ಉಪ್ಪಿನಕಾಯಿ ಬೇಡ, ಬಾಳೆಹಣ್ಣು ಬೇಡ, ಎಳನೀರು ಬೇಡ. ರೊಟ್ಟಿಗಿಂತ ಬಿಳಿ ಅನ್ನ ವಾಸಿ.

"ರೊಟ್ಟಿ ಬ್ಯಾಡಾ?" ಎಂದು ಅಣ್ಣ ಕುರ್ಚಿಯಿಂದ ಅರ್ಧ ಎದ್ದ. "ಊರಿಗೆಲ್ಲ ಹಿಟ್ಟು ಬೀಸಿಕೊಡಾಂವ ನಾ. ನನಗ ಅನ್ನ ಉಣ್ಣಂತೀಯೇನವಾ?"

ಆ ಹುಡುಗಿ ನಕ್ಕಳು, ಆದರೆ ಮಾತು ಬದಲಿಸಲಿಲ್ಲ. ಅತ್ತಿಗೆಯ ಕಡೆ ತಿರುಗಿ ಬಿಡಿಸಿ ಬಿಡಿಸಿ ಹೇಳಿದಳು. "ಅಮ್ಮಾ, ಕಾಯಿಪಲ್ಯ ಸಣ್ಣಗ ಹೆಚ್ಚಿ ಭಾಳಷ್ಟು ನೀರಾಗ ಕುದಸ್ರಿ. ನೀರು ಬಸೀರಿ, ಚೆಲ್ರಿ. ಆಮ್ಯಾಲ ಒಗ್ಗರಣಿ ಹಾಕ್ರಿ." ಅತ್ತಿಗೆ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಬಸಿಯುವುದನ್ನು ಅವಳಿಗೆ ಯಾರಾದರೂ ಹೇಳಿಕೊಡಬೇಕೇ?

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು. "ತಂಗಿ, ಆ ಪೊಟ್ಯಾಸಿ ಅಂದ್ರ ಏನು?"

ಮನೆಯ ಮಾತಿನಲ್ಲಿ ಸೋಡಿಯಂ ಎಂದರೆ ಉಪ್ಪು. ಪ್ರೋಟೀನ್ ಎಂದರೆ ಬೇಳೆ, ಕಾಳು, ಮೊಟ್ಟೆ. ಇವಕ್ಕೆ ಡಬ್ಬಿ ಇದೆ, ತೋರಿಸಬಹುದು, ಎತ್ತಿ ಬೇರೆ ಇಡಬಹುದು. ಪೊಟ್ಯಾಸಿಯಂಗೆ ಅಡುಗೆಮನೆಯಲ್ಲಿ ಡಬ್ಬಿಯೇ ಇಲ್ಲ. ರುಚಿಯಿಲ್ಲ, ಬಣ್ಣವಿಲ್ಲ, ಬದನೆಕಾಯಲ್ಲೂ ಇರುತ್ತದೆ, ಸೊಪ್ಪಲ್ಲೂ ಇರುತ್ತದೆ. ನಾನು ಕ್ಲಾಸಿನಲ್ಲಿ ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳಿದೆ. ಅದು ನಮಗೆಲ್ಲ ಬೇಕು, ಆದರೆ ಅಣ್ಣನ ಕಿಡ್ನಿಗೆ ಅದನ್ನು ಹೊರಹಾಕುವ ಕಸುವಿಲ್ಲ, ಒಳಗೇ ಉಳಿದು ಏರಿದರೆ ಎದೆ ಬಡಿತವೇ ನಿಲ್ಲಬಹುದು, ಕುದಿಸಿದರೆ ನೀರಿಗೆ ಇಳಿಯುತ್ತದೆ, ಆ ನೀರನ್ನು ಚೆಲ್ಲಬೇಕು ಎಂದೆ. ಅವಳು ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಮಸ್ಕಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. "ಎದಿ ಬಡಿತ ನಿಲ್ತೈತಿ ಅಂದ್ರ ಏನ್ಬೇ ಅದು" ಎಂದು ಒಮ್ಮೆ ಅಂದಳು, ಅಷ್ಟೇ.

ಮರುದಿನದಿಂದ ಆ ಮನೆಯಲ್ಲಿ ಉಪ್ಪಿನ ಡಬ್ಬಿ ಅಟ್ಟ ಏರಿತು. ಅಣ್ಣನಿಗೆ ಬೇಡವಾದದ್ದು ತನಗೂ ಬೇಡವೆಂದು ಅತ್ತಿಗೆ ತಾನೂ ಸಪ್ಪೆ ಉಣ್ಣತೊಡಗಿದಳು. ಮುಕ್ಕುಂದದ ಬೀಗರ ಮನೆಯಿಂದ ಅಕ್ಕಿ ತರಿಸಿದಳು. ಅಣ್ಣನ ರಂಪಾಟ ನೋಡಬೇಕಿತ್ತು. "ಇದು ಊಟೇನಬೇ? ಎಮ್ಮಿಗಿ ಕಲಸಿದ್ದ ಇದಕ್ಕಿಂತ ಚಲೋ ಇರ್ತೈತಿ" ಎಂದು ತಾಟು ಸರಿಸುವನು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಹೇಳುವನು. ಆ ಗಾದೆ ಮಾಡಿದವರ ಕಿಡ್ನಿ ಚೆನ್ನಾಗಿದ್ದವು ಎಂದು ನಾನು ಫೋನಿನಲ್ಲೇ ಬೈಯುತ್ತಿದ್ದೆ. ಬರಬರುತ್ತ ರಂಪ ಕಡಿಮೆಯಾಯಿತು. ಊಟಕ್ಕೆ ಹೊಂದಿಕೊಂಡಿದ್ದಾನೆ ಎಂದು ನಾವೆಲ್ಲ ಸಮಾಧಾನಪಟ್ಟೆವು.

ಆದರೆ ರಕ್ತಪರೀಕ್ಷೆ ಬೇರೆಯೇ ಹೇಳಿತು. ಪೊಟ್ಯಾಸಿಯಂ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ಕನ್ನಡಕ ತೆಗೆದು ಅಣ್ಣನನ್ನು ನೋಡಿದರು. "ಹೊರಗ ಕದ್ದು ಏನರ ತಿಂತೀರೇನು?"

"ದೇವರಾಣಿಗೂ ಇಲ್ರಿ."

ನಾನು ನಂಬಲಿಲ್ಲ. ಗಿರಣಿಯಲ್ಲಿ ಇಡೀ ದಿನ ಒಬ್ಬನೇ ಕೂರುತ್ತಾನೆ, ಹತ್ತಿರದಲ್ಲೇ ಹಣ್ಣಿನ ಬಂಡಿ, ಚಹಾದಂಗಡಿ. ಭಾನುವಾರ ಬಸ್ಸು ಹತ್ತಿ ಹೋಗಿ ಗಿರಣಿಯ ಮೂಲೆ ಮೂಲೆ ನೋಡಿದೆ. ಹಿಟ್ಟಿನ ಧೂಳು ಬಿಟ್ಟು ಏನೂ ಸಿಗಲಿಲ್ಲ. "ಪೊಲೀಸರ ಹಂಗ ಬಂದೀಯಲ್ಲಬೇ" ಎಂದು ಅಣ್ಣ ನಕ್ಕ. ಅತ್ತಿಗೆಗೆ ನನ್ನ ಮೇಲೆ ಸಿಟ್ಟೇ ಬಂತು. "ಅವರು ಏನೂ ತಿನ್ನೂದಿಲ್ಲ. ನಾ ಕೊಟ್ಟಿದ್ದಷ್ಟ ಉಣ್ತಾರ" ಎಂದಳು. ಅದು ನೂರಕ್ಕೆ ನೂರು ನಿಜವಾಗಿತ್ತು. ಅಂದು ನನಗೆ ಬಸ್ಸಿನ ಅವಸರ, ಊಟಕ್ಕೆ ನಿಲ್ಲದೆ ಹೊರಟೆ.

ಆಮೇಲೆ ಒಂದು ಬೆಳಿಗ್ಗೆ ಅಣ್ಣ ಗಿರಣಿಯ ಸ್ಟೂಲಿನಿಂದ ಏಳಲು ಹೋದರೆ ಕಾಲು ಬರಲಿಲ್ಲ. ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸರು ಕೂಗಿಕೊಂಡರು. ನಾಡಿ ಬಲು ನಿಧಾನವಾಗಿತ್ತಂತೆ. ಸಿಂಧನೂರಿಗೆ ಒಯ್ಯುತ್ತಿದ್ದೇವೆ ಎಂದು ಫೋನು ಬಂದಾಗ ನಾನು ಹತ್ತನೇ ತರಗತಿಯಲ್ಲಿದ್ದೆ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಹಾಗೇ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಅವನ ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಹಚ್ಚಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸಾಮಾನ್ಯ ದನಿಯಲ್ಲಿ ಹೇಳಿದರು. ಅವರಿಗೆ ಅದು ದಿನದ ಮಾತು.

ಸಂಜೆ ಅಣ್ಣ ಕಣ್ಣು ತೆರೆದು ನೀರು ಕೇಳಿದ. ನಮಗೆ ಜೀವ ಬಂತು. ಆಗಲೇ ಪಥ್ಯ ಹೇಳಿದ್ದ ಆ ಹುಡುಗಿ ಕಾರಿಡಾರಿಗೆ ಬಂದು ಅತ್ತಿಗೆಯ ಪಕ್ಕದ ಬೆಂಚಿನಲ್ಲಿ ಕುಳಿತಳು. ಬೈಯಲಿಲ್ಲ, ಗದರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀರಿ, ಹೇಗೆ ಮಾಡುತ್ತೀರಿ, ಎಲ್ಲ ಹೇಳಿ ಎಂದಳು. ಅತ್ತಿಗೆ ಹೇಳುತ್ತ ಹೋದಳು. ಬದನೆಕಾಯಿ ಸಣ್ಣಗೆ ಹೆಚ್ಚುತ್ತೇನೆ, ಭಾಳ ನೀರು ಇಡುತ್ತೇನೆ, ಮೆತ್ತಗಾಗುವವರೆಗೆ ಕುದಿಸುತ್ತೇನೆ, ಪೂರಾ ಬಸಿಯುತ್ತೇನೆ, ಉಪ್ಪು ಕಣ್ಣಿಗೂ ತೋರಿಸುವುದಿಲ್ಲ.

"ಬಸಿದ ನೀರು ಏನ್ ಮಾಡ್ತೀರಮ್ಮಾ?"

"ಏನ್ ಮಾಡ್ತಾರವಾ? ಸಾರು ಮಾಡ್ತೀನಿ. ಬಳ್ಳೊಳ್ಳಿ, ಜೀರಗಿ, ಸ್ವಲ್ಪ ಹುಣಸಿಹಣ್ಣು. ಉಪ್ಪಿಲ್ಲದಿದ್ರೂ ಅದೊಂದಕ್ಕ ರುಚಿ ಇರ್ತೈತಿ, ಅವರೂ ಅದನ್ನ ಬೇಡಿ ಉಣ್ತಾರ. ಕಾಯಿಪಲ್ಯಾದ ಕಸುವೆಲ್ಲ ಅದಕ್ಕ ಇಳದಿರ್ತೈತಿ ಅಂತ ನಮ್ಮ ಟೀಚರ್ ತಂಗೀನೂ ಬಸ್ಸಿನಾಗ ಹೇಳಿದ್ಲು. ನೀವು ಚೆಲ್ಲಂದ್ರಿ, ಖರೆ. ಪ್ಯಾಟಿ ಮಂದಿ ಚೆಲ್ತಾರ. ನಾ ಒಂದು ಹನಿ ಕೆಡಿಸಿಲ್ಲ ನೋಡವಾ. ಮನ್ಯಾಗ ಯಾರಿಗೂ ಮುಟ್ಟಾಕ ಕೊಟ್ಟಿಲ್ಲ. ಎಲ್ಲಾ ಅವರಿಗೇ."

ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಬಗೆಯ ತೃಪ್ತಿ ಇತ್ತು. ಗಂಡ ಒಳಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದರೂ ತನ್ನ ಕಡೆಯಿಂದ ಏನೂ ಕಡಿಮೆಯಾಗಿಲ್ಲ ಎಂಬ ತೃಪ್ತಿ. ಡಯಟಿಷಿಯನ್ ಹುಡುಗಿ ನನ್ನ ಮುಖ ನೋಡಿದಳು. ನನಗೆ ಮೊದಲು ಬಂದದ್ದು ಸಿಟ್ಟು. ಅಯ್ಯೋ ನಿನ್ನ ಕಟ್ಟಿಗೆ ಬೆಂಕಿ ಹಾಕ, ಚೆಲ್ಲು ಎಂದರೆ ಚೆಲ್ಲಲು ಏನು ರೋಗ ನಿನಗೆ ಎಂದು ಕೂಗಬೇಕೆನಿಸಿತು. ಆದರೆ ಜ್ವರದಲ್ಲಿ ಬಟ್ಟಲು ಹಿಡಿದು ನನಗೆ ಕುಡಿಸಿದವಳೂ ಅವಳೇ.

ಅತ್ತಿಗೆ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. "ಯಾಕ? ಏನಾತು?"

ನಾನೇ ಹೇಳಿದೆ. ಬೇರೆಯವರು ಹೇಳುವುದಕ್ಕಿಂತ ಅದೇ ಮೇಲು ಎನಿಸಿತು. ನೀನು ಬಸಿದು ತೆಗೆದದ್ದನ್ನೇ ಅವನಿಗೆ ತಿರುಗಿ ಕುಡಿಸಿದ್ದೀ, ಅದರಿಂದಲೇ ಹೀಗಾಗಿದೆ, ಬಳಲಿದವರಿಗೆಲ್ಲ ಅದು ಒಳ್ಳೆಯದು, ಆದರೆ ಈ ಒಂದು ರೋಗಕ್ಕೆ ಅದೇ ವಿಷ ಎಂದೆ. ಅವಳು ಅಳಲಿಲ್ಲ. ಬೆಂಚಿನಿಂದ ಜಾರಿ ನೆಲಕ್ಕೆ ಕುಳಿತಳು. "ಹಂಗಾದ್ರ ಇಷ್ಟು ದಿನಾ ಅವರಿಗಿ ನಾನೇ ಹಾಕಾಕತ್ತಿದ್ದೆ" ಎಂದಳು. ಆ ಹುಡುಗಿ ಅವಳ ಹೆಗಲ ಮೇಲೆ ಕೈಯಿಟ್ಟು ಏನೇನೋ ಸಮಾಧಾನ ಹೇಳಿದಳು. ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಅಣ್ಣನನ್ನು ಮನೆಗೆ ಕರೆತಂದೆವು. ಇನ್ನು ಕೆಲವು ವಾರ ಸಿಂಧನೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು, ಊಟ ಸರಿಹೋದರೆ ಮುಂದೆ ಬಿಡಿಸಬಹುದು, ಆದರೆ ಮೈಯಲ್ಲಿ ಶಕ್ತಿ ಉಳಿಯಬೇಕು, ಉಪವಾಸ ಮಾತ್ರ ಬೇಡ ಎಂದು ಡಾಕ್ಟರು ತಾಕೀತು ಮಾಡಿದ್ದರು. ಮನೆಗೆ ಬಂದ ಅತ್ತಿಗೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ, ಮೊರ ಎದುರಿಗಿಟ್ಟುಕೊಂಡು, ಹಸನಾಗಿದ್ದ ಜೋಳವನ್ನೇ ಮತ್ತೆ ಹಸನು ಮಾಡುತ್ತ ಕುಳಿತಳು.

"ಅತ್ತಿಗಿ, ಅಡಗಿ?" ಎಂದೆ.

"ನೀನೇ ಮಾಡು ತಂಗಿ. ನನ್ನ ಕೈ ಬ್ಯಾಡ ಇನ್ನ."

ನಾನು ರಜೆ ಹಾಕಿ ನಿಂತೆ. ಅಳೆದು ತೂಗಿ, ಕುದಿಸಿ, ಬಸಿದು, ನೀರು ಮೋರಿಗೆ ಚೆಲ್ಲಿ, ಪಾಠದಂತೆ ಅಡುಗೆ ಮಾಡಿದೆ. ಅಣ್ಣ ಒಂದು ತುತ್ತು ಬಾಯಿಗಿಟ್ಟ. ಎದ್ದು ಕೈ ತೊಳೆದ. ರಾತ್ರಿಯೂ ಹಾಗೇ. ಮರುದಿನ ಬೆಳಿಗ್ಗೆ ಉಪ್ಪಿಟ್ಟು ಮಾಡಿಕೊಟ್ಟರೆ, ಅದರಲ್ಲಿ ಉಪ್ಪೂ ಇಲ್ಲ ಹಿಟ್ಟೂ ಇಲ್ಲ, ತಾಟನ್ನೇ ಎಳೆದುಕೊಳ್ಳಲಿಲ್ಲ. ಅವನ ಗಲ್ಲ ಒಳಗೆ ಹೋಗಿತ್ತು. ಮೊರದ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಒಬ್ಬರು ಉಣ್ಣುವುದಿಲ್ಲ, ಒಬ್ಬರು ಮಾಡುವುದಿಲ್ಲ. ಈ ಗಂಡ ಹೆಂಡಿರ ನಡುವೆ ನಾನು ಯಾವ ಸುಖಕ್ಕೆ ರಜೆ ಹಾಕಿ ಕುಳಿತಿದ್ದೇನೆ ಎಂದು ಮೈಯೆಲ್ಲ ಉರಿಯಿತು.

ಮಧ್ಯಾಹ್ನ ತಾಟು ಮತ್ತೆ ಸರಿಸಿದಾಗ ನನಗೆ ತಡೆಯಲಾಗಲಿಲ್ಲ. "ಉಣ್ಣದ ಸಾಯಬೇಕಂತ ಮಾಡಿಯೇನು? ಅಲ್ಲಿ ನಳಗಿ ಹಾಕಿ ಉಳಿಸಿದ್ದು ಇದಕ್ಕೇನು? ಹೇಳಿಬಿಡು, ನಾ ನಮ್ಮೂರಿಗಿ ಹೋಗ್ತೀನಿ" ಎಂದು ಗೋಡೆ ಅದುರುವಂತೆ ಕೂಗಿದೆ.

ಅಣ್ಣ ನನ್ನ ಕಡೆ ನೋಡಲಿಲ್ಲ. ಪಡಸಾಲೆಗೆ ಕೇಳುವಷ್ಟು ಜೋರಾಗಿ, ಆದರೆ ಸಿಟ್ಟಿಲ್ಲದೆ ಮಾತಾಡಿದ. "ತನ್ನ ಕೈಯಾಗ ಸಾಯ್ತಾನಂತ ಅಕೀಗಿ ಹೆದರಿಕಿ ಕುಂತೈತಿ. ಅಕಿ ಕೈಯಾಗ ಸಾಯಾಕ ನನಗೇನೂ ಹೆದರಿಕಿಲ್ಲ. ಅಕಿ ಇರೂ ಮನ್ಯಾಗ ಹಸದು ಸಾಯಾಕ ಹೆದರಿಕಿ ಐತಿ."

ಮೊರದ ಸದ್ದು ನಿಂತಿತು.

ಅತ್ತಿಗೆ ಎದ್ದಳು. ಸೆರಗು ಬಿಗಿದು ಒಳಗೆ ಹೋಗಿ ನಾನು ಒಲೆಯ ಮೇಲೆ ಇಟ್ಟಿದ್ದನ್ನೆಲ್ಲ ಕೆಳಗಿಳಿಸಿದಳು. ನಾಲ್ಕು ಬದನೆಕಾಯಿ ಹೆಚ್ಚಿದಳು. ನೀರು ಇಟ್ಟಳು, ಕುದಿಸಿದಳು, ಬಸಿದಳು. ಹಬೆಯಾಡುವ ಕಟ್ಟಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಬಂದು ಅಣ್ಣನಿಗೆ ಕಾಣುವಂತೆ ನಿಂತಳು.

"ನೋಡ್ರಿ" ಎಂದಳು. "ನೋಡಾಕತ್ತೀರೇನು?"

"ನೋಡಾಕತ್ತೀನಿ."

ಚೆಲ್ಲಿದಳು. ಒಮ್ಮೆಗೇ ಅಲ್ಲ, ಕೈ ಬರುತ್ತಿರಲಿಲ್ಲ, ಸ್ವಲ್ಪ ಸುರಿದು ನಿಂತು, ಮತ್ತೆ ಸುರಿದಳು. ತುಟಿ ಅಲುಗಾಡುತ್ತಿತ್ತು. ನಾನು ಹತ್ತಿರವೇ ಇದ್ದೆ, ಕೇಳಿಸಿತು. "ತಪ್ಪಾತವ್ವಾ ಅನ್ನಪೂರ್ಣಿ, ಹೊಟ್ಟಿಗಿ ಹಾಕ್ಕೋ" ಎನ್ನುತ್ತಿದ್ದಳು. ಪಾತ್ರೆ ಬರಿದಾದ ಮೇಲೆ ಅದನ್ನು ಬೋರಲು ಹಿಡಿದು ಕೊನೆಯ ಹನಿಯನ್ನೂ ಕೊಡವಿದಳು. ನನಗೆ ಅಳು ಬಂತು, ಅತ್ತುಬಿಟ್ಟೆ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಅನ್ನ, ಬದನೆಕಾಯಿ ಪಲ್ಯ ತಾಟಿಗೆ ಹಾಕಿ ತಂದು ಅಣ್ಣನ ಮುಂದಿಟ್ಟಳು. ಕಟ್ಟಿನ ಸಾರಿನ ಬಟ್ಟಲು ಇಟ್ಟುಕೊಳ್ಳುತ್ತಿದ್ದ ಜಾಗ ಖಾಲಿ ಇತ್ತು. ಅವನು ಒಂದು ತುತ್ತು ಕಲಸಿ ಬಾಯಿಗಿಟ್ಟು ಮುಖ ಹಿಂಡಿದ.

"ರುಚಿ ಇಲ್ಲ" ಎಂದ.

"ಇರೂದಿಲ್ಲ. ಉಣ್ರಿ" ಎಂದಳು ಅತ್ತಿಗೆ.

ಅವನು ಉಂಡ.